ಪದ ಬೇಕು: ಗೂಢಚಾರಿಣಿ ಅಮ್ಮನ ‘ಕವರ್’ಗೆ ಕನ್ನಡದಲ್ಲಿ ಏನನ್ನೋಣ?

ಡೊಂಬಿವಲಿ, ಸಂಜೆ 7:40

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ 5ರೊಳಗೆ ನನಗೊಂದು ಪದ ಬೇಕು. ನಮ್ಮ ಮಹಿಳಾ ಬಳಗದವರು ಒಂದು ನಗೆನಾಟಕ ಆಡುತ್ತಿದ್ದೇವೆ. ಇಂಗ್ಲಿಷ್ ಕಥೆಯೊಂದನ್ನು ನಾನೇ ಕನ್ನಡಕ್ಕೆ ತಂದು ನಮ್ಮೂರಿಗೆ ಹೊಂದಿಸಿದ್ದೇನೆ. ಬ್ಯಾನರ್ ಮತ್ತು ಕರಪತ್ರ ಅಚ್ಚಿಗೆ ಹೋಗಬೇಕು.

ಕಥೆ ಇಷ್ಟು. ಎರಡು ಮಕ್ಕಳ ತಾಯಿ. ಬೆಳಿಗ್ಗೆ ಡಬ್ಬಿ ಕಟ್ಟಿ, ಅತ್ತೆಗೆ ಮಾತ್ರೆ ಕೊಟ್ಟು, 8:20ರ ಫಾಸ್ಟ್ ಲೋಕಲ್ ಹತ್ತುತ್ತಾಳೆ. ಮನೆಯವರ ಪಾಲಿಗೆ ಅವಳು ಫೋರ್ಟ್‌ನ ಯಾವುದೋ ಆಫೀಸಿನಲ್ಲಿ ಗುಮಾಸ್ತೆ. ನಿಜಕ್ಕೂ ಸರ್ಕಾರದ ಗೂಢಚಾರಿಣಿ. ಲೇಡೀಸ್ ಡಬ್ಬಾದಲ್ಲಿ ತೊಂಡೆಕಾಯಿ ಹೆಚ್ಚುತ್ತಾ ಪಕ್ಕದವಳಿಗೆ ಗುಟ್ಟು ದಾಟಿಸುತ್ತಾಳೆ. ಕಳ್ಳನ ಬೆನ್ನು ಹತ್ತಿರುವಾಗಲೇ ಮಗನ ಶಾಲೆಯಿಂದ ಫೋನ್ ಬರುತ್ತದೆ.

ಬೇಹಿನವರು ಹೊರಗೆ ತೋರಿಸುವ ಬದುಕಿಗೆ ಇಂಗ್ಲಿಷಿನಲ್ಲಿ ‘ಕವರ್’ ಅನ್ನುತ್ತಾರೆ. ನಾಟಕದ ತುಂಬ ಈ ಮಾತೇ. ‘ಮಕ್ಕಳೇ ನನ್ನ ಕವರ್’ ಅಂತ ಅವಳ ಒಂದು ಮುಖ್ಯ ಮಾತಿದೆ. ನಮ್ಮ ಜನಕ್ಕೆ ಕವರ್ ಅಂದರೆ ಮದುವೆಯಲ್ಲಿ ಮುಯ್ಯಿ ಹಾಕಿ ಕೊಡುವ ಲಕೋಟೆ. ‘ವೇಷ’ ಬರೆದೆ, ಅಳಿಸಿದೆ. ‘ಸೋಗು’ ಬರೆದೆ, ಅದನ್ನೂ ಅಳಿಸಿದೆ. ಅವಳು ತಾಯಿಯ ಸೋಗು ಹಾಕಿಲ್ಲ. ಅವಳು ತಾಯಿಯೇ. ಅದನ್ನು ಸುಳ್ಳು ಮಾಡುವ ಪದ ನನಗೆ ಬೇಡ.

ಪುಣೆ, ರಾತ್ರಿ 8:15

ಸಿದ್ಧ ಪದ ಇದೆ ಮೇಡಂ, ‘ಗೃಹಪತಿಕ’. ಕೌಟಿಲ್ಯನ ಅರ್ಥಶಾಸ್ತ್ರ ಗೂಢಪುರುಷರನ್ನು ಹೇಳುವಾಗ ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ ಅಂತ ಸಾಲಾಗಿ ಹೇಳುತ್ತದೆ. ಗೃಹಪತಿಕ ಅಂದರೆ ಬೇಸಾಯದಲ್ಲಿ ಸೋತ ಸಂಸಾರಸ್ಥ. ರಾಜ ಅವನಿಗೆ ಹೊಲ ಕೊಟ್ಟು ಕೂರಿಸುತ್ತಾನೆ, ಅವನು ಸುದ್ದಿ ಕೂಡಿಸುತ್ತಾನೆ. ನಿಮ್ಮ ಕಥೆಗೆ ಇದಕ್ಕಿಂತ ಹತ್ತಿರ ಯಾವುದಿದೆ? ಅರ್ಥಶಾಸ್ತ್ರದ ಓಲೆಗರಿ ಪ್ರತಿ 1905ರಲ್ಲಿ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. 1909ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಅದನ್ನು ನಾವೇ ಬಿಟ್ಟು ಇಂಗ್ಲಿಷಿಗೆ ಹೋಗುವುದು ನನಗೆ ನೋವು ತರುತ್ತದೆ.

ಮಾಹಿಮ್, ರಾತ್ರಿ 8:32

ಗೃಹಪತಿಕ ಬೇಡ. ಅದು ಆಳಿನ ಹೆಸರು. ಕೇಳಿದ್ದು ಅವನು ಮುಂದಿಟ್ಟ ಬದುಕಿನ ಹೆಸರು. ಪ್ರಶ್ನೆ ಓದಿ ಉತ್ತರಿಸಿ.

ಇನ್ನು ಕೇಳಿದವರಿಗೆ. ‘ಗೂಢಚಾರಿಣಿ’ ಯಾಕೆ? ‘ಬೇಹು’ ನಮ್ಮದು. ತೆಲುಗಿನಲ್ಲಿ ವೇಗು, ತಮಿಳಿನಲ್ಲಿ ವೇವು, ನಮ್ಮಲ್ಲಿ ಬೇಹು. ಒಂದೇ ಬೇರು. ಗೂಢಚಾರ, ಗುಪ್ತಚರ, ಪತ್ತೇದಾರ, ಜಾಸೂಸ್ ಎಲ್ಲ ಹೊರಗಿನವು. ಮನೆಯಲ್ಲಿ ಅಕ್ಕಿ ಇರುವಾಗ ಪಕ್ಕದವರ ಬಾಗಿಲಲ್ಲಿ ಪಾವು ಹಿಡಿದು ನಿಲ್ಲುವುದಿಲ್ಲ. ಬೇಹುಗಾರ್ತಿ ಅನ್ನಿ.

ವಾಸ್ಕೊ, ರಾತ್ರಿ 9:05

ಬೇಹು ನಮ್ಮದು, ಒಪ್ಪಿದೆ. ಆ ‘ಗಾರ’ ಎಲ್ಲಿಂದ ಬಂತು ರಾಯರೇ? ಸಂಸ್ಕೃತದ ‘ಕಾರ’ ತಾನೇ? ಅದರ ಮೇಲೆ ನಮ್ಮ ‘ತಿ’ ಕೂತಿತು, ಒಡತಿ, ಗೆಳತಿ, ಗೌಡತಿಯಲ್ಲಿ ಕೂತ ಹಾಗೆ. ನೀವು ಮುಂದಿಟ್ಟ ಶುದ್ಧ ಪದದ ನಡುವಲ್ಲೇ ಸಾಲ ಇದೆ.

ಪತ್ತೇದಾರದ ‘ದಾರ’ ಪಾರ್ಸಿಯದು, ಅಮಲ್ದಾರ, ಹವಾಲ್ದಾರರ ಜೊತೆ ಬಂದದ್ದು. ಆದರೆ ನಮ್ಮಜ್ಜಿ ಗದಗಿನಲ್ಲಿ ಕೂತು ಓದಿದ್ದು ಪತ್ತೇದಾರಿ ಕಾದಂಬರಿಗಳನ್ನೇ. ಆ ಪದ ಅವರಿಗೆ ಹೊರಗಿನದು ಅನಿಸಲಿಲ್ಲ. ಮುಂಬೈಯ ರಜನಿ ಪಂಡಿತ್ ಮನೆಗೆಲಸದವಳಾಗಿ ಸೇರಿಕೊಂಡು ಪತ್ತೆ ಹಚ್ಚಿದವರು. ಅವರನ್ನು ಬೇಹುಗಾರ್ತಿ ಅಂದರೆ ತಪ್ಪಾಗುತ್ತದೆ, ಪತ್ತೇದಾರಿಣಿ ಅನ್ನಲೇಬೇಕು. ಬೇಹು ದೊರೆಗಾಗಿ, ಪತ್ತೆ ದೂರು ಕೊಟ್ಟವನಿಗಾಗಿ. ಎರಡು ಕೆಲಸ, ಎರಡು ಪದ. ಒಂದನ್ನು ಹೊರಗೆ ಹಾಕಿದರೆ ನಷ್ಟ ಯಾರಿಗೆ?

ಮರಾಠಿಯವರು ನಮ್ಮ ತುಪ್ಪವನ್ನು ‘ತೂಪ್’ ಅಂತ ದಿನಾ ತಿನ್ನುತ್ತಾರೆ. ಅದರಿಂದ ಮರಾಠಿ ಕೆಟ್ಟಿಲ್ಲ.

ಮಾಹಿಮ್, ರಾತ್ರಿ 9:11

ತುಪ್ಪ ಅವರ ಲೆಕ್ಕ. ನಮ್ಮ ಲೆಕ್ಕ ನಾವು ನೋಡಿಕೊಳ್ಳಬೇಕು. ಮುಂಬೈಯಲ್ಲಿ ಹುಟ್ಟಿದ ನಮ್ಮ ಮಕ್ಕಳು ವಾಕ್ಯದಲ್ಲಿ ಅರ್ಧ ಹಿಂದಿ ಹಾಕುತ್ತಾರೆ. ಮನೆಯಲ್ಲೂ ‘ನಡೆಯುತ್ತೆ ಬಿಡಿ’ ಅಂದರೆ ಇನ್ನು ಇಪ್ಪತ್ತು ವರ್ಷಕ್ಕೆ ಉಳಿಯುವುದು ಬರೀ ವಿಭಕ್ತಿ ಪ್ರತ್ಯಯ.

ಡೊಂಬಿವಲಿ, ರಾತ್ರಿ 9:20

ದಯವಿಟ್ಟು ನನ್ನ ಪದಕ್ಕೆ ಬನ್ನಿ. ಬೇಹುಗಾರ್ತಿ ತೆಗೆದುಕೊಂಡೆ, ಬಾಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ‘ಕವರ್’ ಹಾಗೇ ಉಳಿದಿದೆ.

ಮುಲುಂಡ್, ರಾತ್ರಿ 10:25

ಅಡುಗೆಮನೆ ಮುಗಿಸಿ ಈಗ ನೋಡಿದೆ. ‘ಮರೆ’ ಯಾಕಾಗಬಾರದು ತಂಗಿ?

ಬಾಗಿಲ ಮರೆ. ಸೆರಗಿನ ಮರೆ. ಎಲೆ ಮರೆಯ ಕಾಯಿ. ಎಲೆ ಸುಳ್ಳಲ್ಲ, ಕಾಯಿಯೂ ಸುಳ್ಳಲ್ಲ. ಒಂದರ ಹಿಂದೆ ಇನ್ನೊಂದು ನಿಂತಿದೆ, ಅಷ್ಟೇ. ಸೋಗು ಹಾಗಲ್ಲ. ಸೋಗು ಕಳಚಿದರೆ ಒಳಗೆ ಬೇರೆಯವನು ಇರುತ್ತಾನೆ. ಮುಸುಕೂ ಕಳಚುವುದೇ. ಮರೆಯನ್ನು ಯಾರೂ ಕಳಚುವುದಿಲ್ಲ, ಮರೆಯಿಂದ ಈಚೆ ಬರುತ್ತಾರೆ, ಮತ್ತೆ ಆಚೆ ಹೋಗುತ್ತಾರೆ. ನಿಮ್ಮ ನಾಯಕಿ ದಿನಾ ಮಾಡುವುದು ಅದನ್ನೇ ಅಲ್ವಾ?

ಇದು ಬರೀ ನಗೆಕಥೆಯ ಮಾತಲ್ಲ. ಉರ್ಸುಲಾ ಕುಚಿನ್ಸ್ಕಿ ಅಂತ ಒಬ್ಬರಿದ್ದರು, ಮೂರು ಮಕ್ಕಳ ತಾಯಿ. ಎರಡನೇ ಮಹಾಯುದ್ಧದಲ್ಲಿ ಆಕ್ಸ್‌ಫರ್ಡ್ ಸುತ್ತಮುತ್ತ ಸಂಸಾರ ಮಾಡಿಕೊಂಡು ರೇಡಿಯೊದಲ್ಲಿ ಮಾಸ್ಕೋಗೆ ಸುದ್ದಿ ಕಳಿಸುತ್ತಿದ್ದರು. ಕ್ಲಾಸ್ ಫುಕ್ಸ್ ಎಂಬ ವಿಜ್ಞಾನಿ ಕೊಟ್ಟ ಅಣುಬಾಂಬಿನ ಗುಟ್ಟುಗಳಲ್ಲಿ ಕೆಲವು ದಾಟಿದ್ದು ಅವರ ಕೈಯಿಂದಲೇ. ನೆರೆಯವರಿಗೆ ಅವರು ಶ್ರೀಮತಿ ಬರ್ಟನ್. ಆ ಮೂರು ಮಕ್ಕಳನ್ನು ಯಾರಾದರೂ ಸೋಗಿನ ಮಕ್ಕಳು ಅನ್ನಲಿಕ್ಕಾಗುತ್ತದಾ? ಜ್ವರ ಬಂದಾಗ ರಾತ್ರಿ ಎದ್ದು ಕೂತವರು ಅವರೇ ಇರಬೇಕು. ಹೆತ್ತವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ, ಪದವೂ ಅದನ್ನು ಹೇಳಬೇಕು.

ಪುಣೆ, ರಾತ್ರಿ 10:50

ಚೆನ್ನಾದ ಪದ. ಗೃಹಪತಿಕ ಹಿಂದೆ ತೆಗೆದುಕೊಂಡೆ. ಒಂದು ಮಾತು ಮಾತ್ರ. ಹಳಗನ್ನಡದಲ್ಲಿ ಇದು ‘ಮಱೆ’, ತಮಿಳಿನ ‘ಮಱೈ’ ಜೊತೆಯದು. ಅಡಗುವುದೂ ಮಱೆ, ನೆನಪು ತಪ್ಪುವುದೂ ಮಱೆ. ಬ್ಯಾನರಿನಲ್ಲಿ ಱ ಹಾಕಿದರೆ ಜನ ಒಮ್ಮೆ ನಿಂತು ನೋಡುತ್ತಾರೆ. ಆ ಅಕ್ಷರಕ್ಕೂ ಒಂದು ದಿನ ಸಿಗಲಿ.

ಮಾಹಿಮ್, ರಾತ್ರಿ 10:53

ಱ ಬೇಡ. ಯಾರೂ ಓದಲಾರರು. ‘ಮರೆ’ ಸರಿ.

ಡೊಂಬಿವಲಿ, ಮಧ್ಯಾಹ್ನ 12:30

ಅಕ್ಕಾ, ನಿಮ್ಮ ಎಲೆ ಮರೆಯ ಕಾಯಿ ಓದಿ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಬಳಗದವರ ಮುಂದೆ ‘ಮಕ್ಕಳೇ ನನ್ನ ಮರೆ’ ಅಂತ ಓದಿದೆ. ಅತ್ತೆಯ ಪಾತ್ರ ಮಾಡುವವರು ಕಣ್ಣೊರೆಸಿಕೊಂಡರು. ಯಾಕೆ ಅಂದೆ. ‘ಮಕ್ಕಳೇ, ನನ್ನನ್ನು ಮರೆತುಬಿಡಿ’ ಅಂತ ಅವರ ಕಿವಿಗೆ ಬಿದ್ದಿತ್ತು! ಪುಣೆಯವರು ಹೇಳಿದ ಎರಡನೇ ಅರ್ಥ ಅದು. ‘ಏ’ ಕರೆಯುವುದಕ್ಕೂ ಬರುತ್ತದೆ, ಒತ್ತಿ ಹೇಳುವುದಕ್ಕೂ ಬರುತ್ತದೆ. ವೇದಿಕೆಯ ಮೇಲೆ ಅಲ್ಪವಿರಾಮ ಕಾಣಿಸುವುದಿಲ್ಲ. ಅದಕ್ಕೆ ‘ಈ ಮಕ್ಕಳೇ ನನಗೆ ಮರೆ’ ಅಂತ ಬದಲಿಸಿದೆ. ‘ನನಗೆ’ ಬಂದ ಮೇಲೆ ಗೊಂದಲ ಹೋಯಿತು. ಮೂರು ಸಲ ಓದಿಸಿ ನೋಡಿದೆ, ಯಾರೂ ಅಳಲಿಲ್ಲ.

ನಾಟಕದ ಹೆಸರೂ ಇದರಿಂದಲೇ ಸಿಕ್ಕಿತು, ‘ಮನೆಗೆಲಸ, ಮರೆಗೆಲಸ’.

ಮಾಹಿಮ್, ಮಧ್ಯಾಹ್ನ 12:41

‘ಮರೆಗೆಲಸ’ ಯಾವ ನಿಘಂಟಿನಲ್ಲಿದೆ? ಕಳ್ಳಕೆಲಸದ ಹಾಗೆ ಕೇಳುತ್ತದೆ.

ಮುಲುಂಡ್, ಮಧ್ಯಾಹ್ನ 1:05

ನಿಘಂಟಿನಲ್ಲಿ ಇರಬೇಕಾಗಿಲ್ಲ. ಮನೆಗೆಲಸಕ್ಕೆ ಆದ ಸಂಧಿಯೇ ಇದಕ್ಕೂ ಆಗಿದೆ. ಕೇಳಿದ ಕೂಡಲೇ ಅರ್ಥವಾಯಿತು, ಎರಡಕ್ಕೂ ನಡುವೆ ಒಂದೇ ಅಕ್ಷರದ ದೂರ. ಕಳ್ಳಕೆಲಸದ ವಾಸನೆ ಸ್ವಲ್ಪ ಇರಲಿ, ಅವಳು ಗಂಡನಿಗೂ ಹೇಳಿಲ್ಲವಲ್ಲ. ನೀವು ಹೊರಗಿನ ಪದ ಬೇಡ ಅಂದಿರಿ. ಒಳಗಿನದು ಹೊಸದಾಗಿ ಹುಟ್ಟಿದರೂ ಬೇಡ ಅಂದರೆ ಹೇಗೆ?

ಮಾಹಿಮ್, ಮಧ್ಯಾಹ್ನ 1:20

ಒಪ್ಪಿದೆ. ಎರಡೂ ಪದ ಒಂದೇ ಅಳತೆಯ ಅಕ್ಷರದಲ್ಲಿ ಬರಲಿ.

ಡೊಂಬಿವಲಿ, ಸಂಜೆ 4:35

ಬ್ಯಾನರ್ ಅಚ್ಚಿಗೆ ಕೊಟ್ಟೆ. ಒಂದೇ ಅಳತೆ, ರಾಯರೇ. ಎಲ್ಲರಿಗೂ ಮನಸಾರೆ ವಂದನೆ.

ಇನ್ನೊಂದು ಪದ ಉಳಿದಿದೆ. ಎರಡನೇ ಅಂಕದಲ್ಲಿ ಅವಳು ಫೋನಿನಲ್ಲಿ ‘ಮಿಷನ್ ಮುಗೀತು’ ಅನ್ನುತ್ತಾಳೆ. ನಮ್ಮ ಜನಕ್ಕೆ ಮಿಷನ್ ಅಂದರೆ ಹೊಲಿಗೆ ಮಿಷನ್. ‘ಕಾರ್ಯಾಚರಣೆ’ ಪೊಲೀಸ್ ಪ್ರಕಟಣೆಯ ಹಾಗಿದೆ, ‘ಕೆಲಸ’ ಸಪ್ಪೆಯಾಯಿತು. ಇದು ಭಾನುವಾರದೊಳಗೆ ಸಿಕ್ಕರೆ ಸಾಕು.