ಕೆಂಪು ಕಣ್ಣು, ಸೊಟ್ಟ ಬೆನ್ನು: ಯಾವುದು ಜೀನ್, ಯಾವುದು ಹುಟ್ಟಿನ ದೋಷ?

ಮೊದಲಮೊಟ್ಟೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಜೋಡಿ ಕಾರ್ನ್ ಸ್ನೇಕ್ ಇವೆ, ಎರಡೂ ಮಾಮೂಲಿ ಬಣ್ಣದವು. ಮೊದಲ ಸಲ 14 ಮೊಟ್ಟೆ ಇಟ್ಟಿತು, 12 ಮರಿ ಹೊರಗೆ ಬಂದವು. ಅದರಲ್ಲಿ ಎರಡಕ್ಕೆ ಕಪ್ಪು ಬಣ್ಣವೇ ಇಲ್ಲ, ತಿಳಿ ಗುಲಾಬಿ ಮೈ, ಕೆಂಪು ಕಣ್ಣು. ಆ ಎರಡರಲ್ಲಿ ಒಂದಕ್ಕೆ ಬಾಲದ ಹತ್ತಿರ ಬೆನ್ನು ಸೊಟ್ಟಗಿದೆ, ಮೆಲ್ಲಗೆ ಬೆರಳಾಡಿಸಿದರೆ ಗಂಟು ಸಿಗುತ್ತದೆ. ಇನ್ನೊಂದು ಮರಿ ಮಾಮೂಲಿ ಬಣ್ಣದ್ದೇ, ಆದರೆ ಬೆನ್ನಿನ ಮಚ್ಚೆಗಳು ಕೂಡಿಕೊಂಡು ಪಟ್ಟೆಯ ಹಾಗೆ ಆಗಿವೆ, ಎಡಗಣ್ಣೂ ಚಿಕ್ಕದು.

ಪರಿಚಯದವರೊಬ್ಬರು "ಆಲ್ಬಿನೊ ಅಂದರೆ ಹಾಗೇ, ಬೆನ್ನು ಸೊಟ್ಟಗೇ ಇರುತ್ತೆ" ಅಂದರು. ಇನ್ನೊಬ್ಬರು ಪಟ್ಟೆ ಮರಿ ಹೊಸ ಮಾರ್ಫ್ (ಜೀನ್‌ನಿಂದ ಬರುವ ಬಣ್ಣ, ಮಚ್ಚೆಯ ಬಗೆ) ಇರಬಹುದು, ದೊಡ್ಡದಾದ ಮೇಲೆ ಅದರಿಂದ ಮರಿ ಮಾಡಿಸು ಅಂತಾರೆ. ನನಗೆ ಎರಡೂ ಸರಿ ಅನ್ನಿಸ್ತಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಹಳೇಪೊರೆ:

ಅನುಮಾನ ಪಟ್ಟಿದ್ದು ಒಳ್ಳೆಯದಾಯಿತು. ಸೊಟ್ಟ ಮರಿಯಲ್ಲಿ ಇರುವುದು ಎರಡು ಬೇರೆ ವಿಷಯ, ಒಂದೇ ಮೈಯಲ್ಲಿ ಬಂದಿವೆ ಅಷ್ಟೇ.

ಕೆಂಪು ಕಣ್ಣು, ಕಪ್ಪಿಲ್ಲದ ಮೈ, ಇದು ಅಮೆಲ್, ಆಲ್ಬಿನೊದ ಒಂದು ಬಗೆ. ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಾಗುವುದಿಲ್ಲ. ರಿಸೆಸಿವ್ ಜೀನ್ ಆದ್ದರಿಂದ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ಮಾತ್ರ ಕಾಣುತ್ತದೆ. ಅಂದರೆ ನಿಮ್ಮ ಜೋಡಿ ಎರಡೂ ಹೆಟ್, ಅಂದರೆ ಆ ಜೀನ್ ಒಂದೇ ಇದ್ದು ಹೊರಗೆ ಕಾಣದವು, ಅಂತ ಈಗ ಗೊತ್ತಾಯಿತು. ಹೆಟ್ ಜೋಡಿಯಲ್ಲಿ ಪ್ರತಿ ಮೊಟ್ಟೆಗೂ ನಾಲ್ಕರಲ್ಲಿ ಒಂದು ಅವಕಾಶ, 12ಕ್ಕೆ 2 ಬಂದಿದ್ದು ಲೆಕ್ಕಕ್ಕೆ ಹೊಂದುತ್ತದೆ. ಕಾರ್ನ್ ಸ್ನೇಕ್‌ನಲ್ಲಿ ಅಮೆಲ್‌ಗೂ ಸೊಟ್ಟ ಬೆನ್ನಿಗೂ ನಂಟಿಲ್ಲ. ನಿಮ್ಮ ಎರಡನೇ ಅಮೆಲ್ ಮರಿಯ ಬೆನ್ನು ನೆಟ್ಟಗಿದೆ ಅಲ್ವಾ, ಅದನ್ನೇ ನೋಡಿ.

ಪಟ್ಟೆ ಮರಿಯದು ಬೇರೆ ಕಥೆ. ಕಾರ್ನ್ ಸ್ನೇಕ್‌ನಲ್ಲಿ ಸ್ಟ್ರೈಪ್, ಮಾಟ್ಲಿ ಅಂತ ನಿಜವಾದ ಜೀನ್‌ಗಳಿವೆ, ಅವೂ ರಿಸೆಸಿವ್. ಆದರೆ ಅವುಗಳ ಹೊಟ್ಟೆ ಖಾಲಿ ಇರುತ್ತದೆ. ಮಾಮೂಲಿ ಮರಿಯ ಹೊಟ್ಟೆಯಲ್ಲಿ ಚದುರಂಗದ ಮಣೆಯ ಹಾಗೆ ಕಪ್ಪು ಚೌಕಗಳಿರುತ್ತವೆ. ಮರಿಯನ್ನು ಮೆಲ್ಲಗೆ ತಿರುಗಿಸಿ ನೋಡಿ. ಚೌಕ ಇದ್ದರೆ ಅದು ಜೀನ್ ಪಟ್ಟೆ ಅಲ್ಲ, ಕಾವಿನಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ ಅಂತಲೇ ನಾನು ಹೇಳುತ್ತೇನೆ. ಮೊಟ್ಟೆಗಳ ಪಕ್ಕದಲ್ಲೇ ಉಷ್ಣತೆ ಎಷ್ಟಿತ್ತು? ಇನ್ಕ್ಯುಬೇಟರ್ ತೋರಿಸುವ ಅಂಕಿ ಬೇಡ. 27ರಿಂದ 29 ಡಿಗ್ರಿ ಸರಿ. ಅದನ್ನು ಮೀರಿ ಏರಿಳಿತ ಆದರೆ ಮಚ್ಚೆ ಕಲಸಿಹೋಗುತ್ತವೆ, ಬೆನ್ನೆಲುಬು ಸೊಟ್ಟಗಾಗುತ್ತದೆ, ಕಣ್ಣೂ ಸರಿಯಾಗಿ ಬೆಳೆಯದೇ ಹೋಗಬಹುದು.

ಕಾವುಗೂಡು:

ಹಳೇಪೊರೆಯವರು ಹೇಳಿದ್ದು ಕಾರ್ನ್ ಸ್ನೇಕ್ ಮಟ್ಟಿಗೆ ಸರಿ. ಆದರೆ ಬಣ್ಣ ಬೇರೆ, ದೋಷ ಬೇರೆ ಅನ್ನುವುದನ್ನು ಎಲ್ಲ ಹಾವಿಗೂ ಹಾಕಬೇಡಿ. ಕೆಲವು ಕಡೆ ಬಣ್ಣದ ಜೀನೇ ತೊಂದರೆಯನ್ನೂ ತರುತ್ತದೆ. ಬಾಲ್ ಪೈಥಾನ್‌ನ ಸ್ಪೈಡರ್ ಮಾರ್ಫ್ ನೋಡಿ. ತಲೆ ಅಲ್ಲಾಡುತ್ತದೆ, ಕುತ್ತಿಗೆ ತಿರುಚಿಕೊಳ್ಳುತ್ತದೆ, ಕೆಲವಂತೂ ಇಲಿಯನ್ನು ಹಿಡಿಯಲು ಹೋಗಿ ಗುರಿ ತಪ್ಪುತ್ತವೆ. ಸ್ಕ್ಯಾನ್ ಮಾಡಿ ನೋಡಿದಾಗ ಒಳಗಿವಿಯ ಆಕಾರವೇ ಕೆಟ್ಟಿರುವುದು ಕಂಡಿದೆ. ಎಷ್ಟು ಚೆನ್ನಾಗಿ ಸಾಕಿದರೂ, ಯಾವ ವಂಶದ ಹಾವಿನ ಜೊತೆ ಕೂಡಿಸಿದರೂ ಅದು ಬಣ್ಣದ ಜೊತೆಗೇ ಬರುತ್ತದೆ. ಕಾರ್ಪೆಟ್ ಪೈಥಾನ್‌ನ ಜಾಗ್ವಾರ್‌ನಲ್ಲೂ ಇದೇ ಥರ ನರದ ತೊಂದರೆ. ಬಾಲ್ ಪೈಥಾನ್‌ನಲ್ಲೇ ಕ್ಯಾರಮೆಲ್ ಆಲ್ಬಿನೊಗೆ ಸೊಟ್ಟ ಬೆನ್ನು ಜಾಸ್ತಿ, ಸೂಪರ್ ಸಿನಮನ್‌ಗೆ ಬಾತುಕೋಳಿ ಥರ ಚಪ್ಪಟೆ ಮೂತಿ. ನಿಮ್ಮ ಪರಿಚಯದವರು ಬಹುಶಃ ಕ್ಯಾರಮೆಲ್ ಬಗ್ಗೆ ಕೇಳಿ ಎಲ್ಲ ಆಲ್ಬಿನೊಗೂ ಸೇರಿಸಿಬಿಟ್ಟಿದ್ದಾರೆ.

ಹಾಗಾಗಿ ಒಂದು ಮರಿಯನ್ನು ನೋಡಿ ತೀರ್ಮಾನಿಸಬೇಡಿ. ಒಡಹುಟ್ಟಿದ ಎಲ್ಲವನ್ನೂ ಸಾಲಾಗಿ ನೋಡಿ. ಆ ಬಣ್ಣ ಇರುವ ಪ್ರತಿಯೊಂದರಲ್ಲೂ ತೊಂದರೆ ಇದ್ದು, ಉಳಿದವು ಚೆನ್ನಾಗಿದ್ದರೆ ಬಣ್ಣದ ಮೇಲೆ ಅನುಮಾನ. ತೊಂದರೆ ಬಣ್ಣ ನೋಡದೆ ಹರಡಿದ್ದರೆ ಕಾವಿನ ಮೇಲೆ ಅನುಮಾನ. ನಿಮ್ಮದರಲ್ಲಿ ಒಂದು ಅಮೆಲ್, ಒಂದು ಮಾಮೂಲಿ.

ಜೀನ್‌ನಿಂದ ಬಂದಿದ್ದು ಅಂದ ಮಾತ್ರಕ್ಕೆ ಪರವಾಗಿಲ್ಲ ಅಂತ ಅಲ್ಲ. ತಲೆ ಮೇಲೆ ಕೆಳಗೆ ತಿಳಿಯದೆ ಒದ್ದಾಡುವ ಹಾವು, ಅದರ ಬಣ್ಣಕ್ಕೆ ಹೆಸರಿದ್ದರೂ ಒದ್ದಾಡುತ್ತಲೇ ಇರುತ್ತದೆ. ಸ್ಪೈಡರ್ ಮರಿ ಮಾಡಿಸುವುದನ್ನು ನಾನು ಅದಕ್ಕೇ ಬಿಟ್ಟೆ.

ಬಿಳಿಹೊಟ್ಟೆ:

ಸಣ್ಣ ಸೇರ್ಪಡೆ. ಮೊದಲ ಪೊರೆ ಬಿಡುವ ತನಕ, ಸುಮಾರು ವಾರದಿಂದ ಹತ್ತು ದಿನ, ಬಣ್ಣದ ಬಗ್ಗೆ ಏನೂ ಹೇಳಬೇಡಿ. ಪೊರೆಗೆ ಮುಂಚೆ ಮೈ ಮಸುಕಾಗುತ್ತದೆ, ಕಣ್ಣು ನೀಲಿಯಾಗುತ್ತದೆ, ಅದನ್ನೇ ರೋಗ ಅಂತ ಹೆದರುವವರೂ ಇದ್ದಾರೆ. ದೊಡ್ಡ ಹಾವಿನಲ್ಲಿ ಸುಟ್ಟ ಗಾಯ ಮಾಗಿ ಉಳಿದ ಬಿಳಿ ಕಲೆಯನ್ನು ಮಾರ್ಫ್ ಅಂದುಕೊಂಡವರನ್ನೂ ನೋಡಿದ್ದೇನೆ.

ನಿಜಕ್ಕೂ ಜೀನಾ ಅಂತ ತಿಳಿಯಲು ಸೊಟ್ಟ ಮರಿಯನ್ನು ಕೂಡಿಸಬೇಕಿಲ್ಲ, ದಯವಿಟ್ಟು ಕೂಡಿಸಬೇಡಿ. ಹೆಣ್ಣಾದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯ ಇದೆ. ಅದೇ ತಂದೆತಾಯಿಯ ಮುಂದಿನ ಮೊಟ್ಟೆಗಳನ್ನು ಸರಿಯಾದ ಕಾವಿನಲ್ಲಿಡಿ. ದೋಷ ಮತ್ತೆ ಬಂದರೆ ಆ ಜೋಡಿಯನ್ನು ನಿಲ್ಲಿಸಿ. ಬರದಿದ್ದರೆ ಉತ್ತರ ಹೆಚ್ಚುಕಡಿಮೆ ಸಿಕ್ಕ ಹಾಗೆ.

ಮೊದಲಮೊಟ್ಟೆ:

ಎಲ್ಲರಿಗೂ ಧನ್ಯವಾದ. ಪಟ್ಟೆ ಮರಿಯನ್ನು ತಿರುಗಿಸಿ ನೋಡಿದೆ, ಹೊಟ್ಟೆ ತುಂಬ ಚೌಕಗಳು. ಆಮೇಲೆ ಖಾಲಿ ಡಬ್ಬಿಯನ್ನು ಮತ್ತೆ ಇನ್ಕ್ಯುಬೇಟರ್‌ನಲ್ಲಿಟ್ಟು ಬೇರೆ ಥರ್ಮಾಮೀಟರ್‌ನಿಂದ ಅಳೆದೆ. ಹೊರಗಿನ ಅಂಕಿ 28, ಹೀಟರ್ ಕಡೆಯ ಮೂಲೆಯಲ್ಲಿ 33 ಇತ್ತು. ಕೆಟ್ಟುಹೋದ ಎರಡು ಮೊಟ್ಟೆಗಳೂ ಅದೇ ಮೂಲೆಯವು. ನೋಡಿ ಮನಸ್ಸಿಗೆ ತುಂಬಾ ನೋವಾಯಿತು, 60 ದಿನ ದಿನಾ ಆ ಅಂಕಿಯನ್ನೇ ನಂಬಿದ್ದೆ.

ಸೊಟ್ಟ ಮರಿ ಪೊರೆ ಬಿಟ್ಟು ಚಿಕ್ಕ ಪಿಂಕಿ (ಆಗತಾನೆ ಹುಟ್ಟಿದ ಇಲಿಮರಿ) ತಿಂದಿದೆ, ಮಲವೂ ಸರಿಯಾಗಿ ಆಗಿದೆ. ಅದನ್ನೂ ಚಿಕ್ಕ ಕಣ್ಣಿನದ್ದನ್ನೂ ಯಾರಿಗೂ ಕೊಡುವುದಿಲ್ಲ, ನನ್ನ ಹತ್ತಿರವೇ ಇರುತ್ತವೆ. ಮಾಮೂಲಿ ಬಣ್ಣದ ಉಳಿದ ಮರಿಗಳೂ ಹೆಟ್ ಅಂತ ಬರೆದು ಕೊಡಬಹುದಾ?

ಹಳೇಪೊರೆ:

ಖಚಿತವಾಗಿ ಹೆಟ್ ಅಂತ ಬರೆಯಬೇಡಿ. ಮೂರರಲ್ಲಿ ಎರಡು ಪಾಲು ಅವಕಾಶ ಇದೆ, ಅದಕ್ಕೆ "66 ಪರ್ಸೆಂಟ್ ಹೆಟ್ ಅಮೆಲ್" ಅಂತ ಬರೆಯುವುದು ರೂಢಿ. ಕಾವು ಏರಿದ್ದ ವಿಷಯವನ್ನೂ ತಗೊಳ್ಳುವವರಿಗೆ ಹೇಳಿಬಿಡಿ.