ಸಹಾಯ ಬೇಕು: ಬಿಸಿಯಾದ ಮೇಲೆ ಬೂಸ್ಟ್ ಬೀಳ್ತಿದೆ, ಹೋಸ್ ಲೀಕೋ ವೇಸ್ಟ್‌ಗೇಟೋ?

ನಮಸ್ಕಾರ, ಮೈಸೂರು ಕುವೆಂಪುನಗರದವನು. ಹಳೇ ಟರ್ಬೊ ಪೆಟ್ರೋಲ್ ಕಾರು, ಮನೆ ಮುಂದೇನೇ ಕೆಲಸ ಮಾಡ್ಕೋತೀನಿ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ನಲ್ಲಿ ಓಡಿಸೋಣ ಅಂತ ಬ್ರೇಕ್ ಪ್ಯಾಡು, ಡಾಟ್ 4 ಬ್ರೇಕ್ ಆಯಿಲ್ ಬದಲಾಯಿಸಿ, ದೊಡ್ಡ ಇಂಟರ್‌ಕೂಲರ್ (ಟರ್ಬೊಯಿಂದ ಬರೋ ಬಿಸಿ ಗಾಳಿನ ತಣ್ಣಗೆ ಮಾಡೋದು) ಕೂರಿಸ್ದೆ. ಬ್ರೇಕ್ ಸೂಪರ್. ತಲೆನೋವು ಇಂಟರ್‌ಕೂಲರ್ ಹಾಕಿದ್ಮೇಲೆ ಶುರು.

ಬೆಳಿಗ್ಗೆ ತಣ್ಣಗಿದ್ದಾಗ 0.9 ಬಾರ್ ಬೂಸ್ಟ್ (ಟರ್ಬೊ ಎಂಜಿನ್‌ಗೆ ತುಂಬೋ ಗಾಳಿಯ ಒತ್ತಡ) ಸಲೀಸಾಗಿ ಬರುತ್ತೆ. ಚಾಮುಂಡಿ ಬೆಟ್ಟ ಅರ್ಧ ಹತ್ತೋ ಹೊತ್ತಿಗೆ 0.4ಕ್ಕೆ ಕುಸಿದು, ಉಸ್ಸ್ ಅಂತ ಸದ್ದು, ಚೆಕ್ ಎಂಜಿನ್ ಲೈಟು. ಸ್ಕ್ಯಾನರ್ ಹಾಕಿದ್ರೆ ಪಿ0299, ಅಂದ್ರೆ ಅಂಡರ್‌ಬೂಸ್ಟ್.

ಕ್ಲಾಂಪ್ ಎಲ್ಲಾ ಬಿಚ್ಚಿ ಮತ್ತೆ ಬಿಗಿ ಮಾಡ್ದೆ. ಎಂಜಿನ್ ಐಡಲ್‌ನಲ್ಲಿಟ್ಟು ಸೋಪಿನ ನೀರು ಹಾಕ್ದೆ, ಒಂದು ಗುಳ್ಳೆ ಇಲ್ಲ. ಐಡಲ್‌ನಲ್ಲಿ ಬೂಸ್ಟೇ ಇರಲ್ಲ, ಗುಳ್ಳೆ ಎಲ್ಲಿಂದ ಬರಬೇಕು ಅಂತ ಆಮೇಲೆ ಹೊಳೀತು! ಕೆಳಗಿನ ಹೋಸ್ ಬಾಯಲ್ಲಿ ಮಾತ್ರ ಎಣ್ಣೆ ಜಿಡ್ಡಿಗೆ ಧೂಳು ಮೆತ್ಕೊಂಡಿದೆ. ಕೈಪಂಪಿಂದ ಗಾಳಿ ಕೊಟ್ರೆ ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದ ಹಾಗೆ ಹೊಗೆನ ಟರ್ಬೊ ಪಕ್ಕದಿಂದ ಬಿಡೋ ಬಾಗಿಲು) ಕಡ್ಡಿ ಸರಾಗವಾಗಿ ಆಡುತ್ತೆ, ಆದ್ರೆ ಅದು ತಣ್ಣಗಿದ್ದಾಗ. ಒಂದು ಗ್ಯಾರೇಜಲ್ಲಿ ಬಾನೆಟ್ ಎತ್ತದೇನೇ ಟರ್ಬೊ ಬದಲಾಯಿಸಿ ಅಂದ್ರು, ಕೈಮುಗಿದು ಬಂದೆ.

ಈಗ ಪಿವಿಸಿ ಮುಚ್ಚಳಕ್ಕೆ ಟ್ಯೂಬ್‌ಲೆಸ್ ಟೈರ್ ವಾಲ್ವ್ ಕೂರಿಸಿ, ಅದನ್ನ ಟರ್ಬೊ ಬಾಯಿಗೆ ಹಾಕಿ ಗಾಳಿ ತುಂಬಿ ಲೀಕ್ ನೋಡೋಣ ಅಂತಿದ್ದೀನಿ. ಎಷ್ಟು ಪಿಎಸ್‌ಐವರೆಗೆ ಹೋದ್ರೆ ಎಂಜಿನ್ ಸೀಲ್‌ಗೆ ಪೆಟ್ಟಾಗಲ್ಲ? ಅದರಲ್ಲೂ ಲೀಕ್ ಸಿಗದಿದ್ರೆ, ಬಿಸಿಯಲ್ಲಿ ವೇಸ್ಟ್‌ಗೇಟ್ ತೆರೆದೇ ಅಂಟ್ಕೊಳ್ತಿದೆಯಾ ಅಂತ ಮನೇಲೇ ಪತ್ತೆ ಮಾಡೋದು ಹೇಗೆ? ಮಾಡಿ ನೋಡಿದವರು ಹೇಳಿ, ಪ್ಲೀಸ್.