ಭಾವನವರ ಜೀಪಿನ ಪ್ರಶ್ನೆಗೆ ನನ್ನ ಉತ್ತರ

ಭಾವ, ನಮಸ್ಕಾರ. ನಿನ್ನೆ ನೀವು ಗುಂಪಿನಲ್ಲಿ ಹಾಕಿದ ತುಕ್ಕು ಹಿಡಿದ ಹಳೆಯ ಜೀಪಿನ ಚಿತ್ರವನ್ನು ನೋಡಿದೆ. ನಿವೃತ್ತಿಯ ನಂತರ ಇದನ್ನು ಕೊಂಡು ಮೊದಲಿನಂತೆ ಮಾಡಲು ನನ್ನಿಂದಾದೀತೇ ಎಂದು ನೀವು ಕೇಳಿದ್ದನ್ನೂ, ಈ ವಯಸ್ಸಿನಲ್ಲಿ ಗುಜರಿಯ ಕೆಳಗೆ ಮಲಗುವುದು ಬೇಡ ಎಂದು ಅಕ್ಕ ಬರೆದದ್ದನ್ನೂ ಓದಿದೆ. ನಿವೃತ್ತನಾದ ಮೇಲೆ ಎರಡು ಮೋಟಾರ್ ಸೈಕಲ್ಲುಗಳನ್ನೂ ಒಂದು ಕಾರನ್ನೂ ರಿಪೇರಿ ಮಾಡಿದವನಾಗಿ ಹೇಳುತ್ತೇನೆ: ನಿಮ್ಮಿಂದ ಖಂಡಿತ ಆಗುತ್ತದೆ. ಆದರೆ ಕಣ್ಣಿಗೆ ಕಾಣುವ ತುಕ್ಕನ್ನು ನೋಡಿ ಹೆದರಬೇಡಿ, ಕಾಣದ ತುಕ್ಕನ್ನು ಹುಡುಕದೆ ಹಣ ಕೊಡಬೇಡಿ.

ಜೀಪನ್ನು ಆರಿಸಿಕೊಂಡದ್ದು ಒಳ್ಳೆಯದೇ ಆಯಿತು. 1941ರಲ್ಲಿ ಸೈನ್ಯಕ್ಕಾಗಿ ತಯಾರಾಗಲು ಆರಂಭವಾದ ಜೀಪಿನಲ್ಲಿ ಇಡೀ ಗಾಡಿಯ ಭಾರ ಹೊರುವ ಏಣಿಯಂಥ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ, ಬೇರೆ, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿ ಬೇರೆ. ಬಹುಕಾಲ ಅದೇ ರಚನೆ ಮುಂದುವರಿಯಿತು. ಹಾಗಾಗಿ ಬಾಡಿಯ ತಗಡು ತೂತಾಗಿದ್ದರೂ ಚಾಸಿ ಗಟ್ಟಿಯಾಗಿದ್ದರೆ ಗಾಡಿ ಉಳಿಯುತ್ತದೆ. ಪ್ರತ್ಯೇಕ ಚಾಸಿ ಇಲ್ಲದ ಕಾರುಗಳಲ್ಲಿ ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತೊಲೆಯೂ ಭಾರ ಹೊರುವುದರಿಂದ, ಅಲ್ಲಿ ತುಕ್ಕು ಹಿಡಿದರೆ ಹೊಸಬರ ಕೈಗೆ ನಿಲುಕುವ ಕೆಲಸವಲ್ಲ. ನೋಡಲು ಹೋಗುವಾಗ ಒಂದು ಸಣ್ಣ ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು ಒಯ್ಯಿರಿ. ಅಯಸ್ಕಾಂತ ಅಂಟದ ಕಡೆ ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದಾರೆ ಎಂದು ತಿಳಿಯಿರಿ. ಸ್ಪ್ರಿಂಗ್ ಪಟ್ಟಿಗಳನ್ನು ಚಾಸಿಗೆ ಹಿಡಿದಿಡುವ ಜಾಗ, ಬಾಡಿ ಚಾಸಿಯ ಮೇಲೆ ಕೂರುವ ಜಾಗ, ನೆಲದ ತಗಡಿನ ಮೂಲೆ, ಇಲ್ಲೆಲ್ಲ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಮೇಲಿನ ಕೆಂಪು ಪುಡಿ ಉದುರಿದರೆ ಚಿಂತೆಯಿಲ್ಲ, ಮೊನೆ ಒಳಗೆ ಇಳಿದರೆ ಅಲ್ಲಿ ಕಬ್ಬಿಣವೇ ಉಳಿದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಮೊದಲ ಮೋಟಾರ್ ಸೈಕಲ್ಲಿನ ಮಡ್‌ಗಾರ್ಡಿಗೆ ನಾನು ಉಪ್ಪುಕಾಗದ ಉಜ್ಜಿ ನೇರವಾಗಿ ಬಣ್ಣ ಹೊಡೆದೆ. ಆಗ ಕನ್ನಡಿಯಂತೆ ಹೊಳೆಯುತ್ತಿದ್ದದ್ದು ಎರಡನೆಯ ಮಳೆಗಾಲದ ಹೊತ್ತಿಗೆ ಗುಳ್ಳೆ ಎದ್ದು ಹಪ್ಪಳದಂತೆ ಕಳಚಿಬಂದಿತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಬಣ್ಣದ ಅಡಿಯಲ್ಲಿ ಸ್ವಲ್ಪ ಉಳಿದು, ಗಾಳಿ ಮತ್ತು ತೇವ ಅದನ್ನು ತಲುಪಿದರೆ, ಅದು ಉಬ್ಬಿ ಬಣ್ಣವನ್ನು ಎತ್ತಿಬಿಡುತ್ತದೆ. ಆದ್ದರಿಂದ ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಕೆರೆದ ದಿನವೇ ಪ್ರೈಮರ್ ಹಚ್ಚಬೇಕು. ರಾತ್ರಿ ಹಾಗೇ ಬಿಟ್ಟರೆ ತೇವದ ಗಾಳಿಗೆ ಬೆಳಗ್ಗೆ ಮತ್ತೆ ಕೆಂಪಗಾಗಿರುತ್ತದೆ.

ಸಣ್ಣ ಭಾಗಗಳಿಗೆ ನನಗೆ ಅತ್ಯಂತ ಪ್ರಿಯವಾದ ವಿಧಾನ ವಿದ್ಯುತ್ತಿನದು. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಲೀಟರಿಗೊಂದು ಚಮಚದಂತೆ ವಾಷಿಂಗ್ ಸೋಡಾ ಬೆರೆಸಿ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನು ತುಕ್ಕಿನ ಭಾಗಕ್ಕೂ, ಪಾಸಿಟಿವ್ ತಂತಿಯನ್ನು ಬೇಡವಾದ ಕಬ್ಬಿಣದ ತುಂಡಿಗೂ ಕಟ್ಟಿ, ಎರಡೂ ಒಂದಕ್ಕೊಂದು ತಾಗದಂತೆ ಇಳಿಬಿಡಬೇಕು. ಮರುದಿನ ತೆಗೆದು ಬ್ರಷ್ಷಿನಿಂದ ಉಜ್ಜಿದರೆ ಕಪ್ಪು ಕೆಸರು ಕಳಚಿ, ಕಾರ್ಖಾನೆಯಲ್ಲಿ ಒತ್ತಿದ ಅಕ್ಷರಗಳು ಮತ್ತೆ ಓದಲು ಸಿಗುತ್ತವೆ. ಆ ಕ್ಷಣಕ್ಕಾಗಿಯೇ ನಾನು ಈ ಹವ್ಯಾಸವನ್ನು ಬಿಟ್ಟಿಲ್ಲ. ತಂತಿ ಅದಲುಬದಲಾದರೆ ಕರಗುವುದು ನಮಗೆ ಬೇಕಾದ ಭಾಗವೇ. ಸ್ಟೇನ್‌ಲೆಸ್ ಸ್ಟೀಲಿನ ತುಂಡನ್ನು ಮಾತ್ರ ಎಂದಿಗೂ ಪಾಸಿಟಿವ್ ಕಡೆ ಕಟ್ಟಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಹೊರಬರುವುದರಿಂದ ಬೆಂಕಿಯಿಲ್ಲದ ಬಯಲಿನಲ್ಲೇ ಈ ಕೆಲಸ ಮಾಡಿ, ಕ್ಲಿಪ್ಪು ತೆಗೆಯುವ ಮೊದಲು ಚಾರ್ಜರನ್ನು ಆಫ್ ಮಾಡಿ.

ಇಡೀ ಗಾಡಿಯನ್ನು ಒಂದೇ ವಾರದಲ್ಲಿ ಬಿಚ್ಚಿ ಹರಡಬೇಡಿ. ಒಂದು ಸಲಕ್ಕೆ ಒಂದು ಭಾಗ ಬಿಚ್ಚಿ, ಬಿಚ್ಚುವ ಮೊದಲು ಚಿತ್ರ ತೆಗೆದು, ನಟ್ಟು ಬೋಲ್ಟುಗಳನ್ನು ಚೀಟಿ ಅಂಟಿಸಿದ ಡಬ್ಬಿಯಲ್ಲಿಡಿ. ತುಕ್ಕಿನಿಂದ ಅಲುಗದಂತೆ ಹಿಡಿದುಕೊಂಡ ಬೋಲ್ಟಿಗೆ ಮೂರು ದಿನ ಎಣ್ಣೆ ಬಿಟ್ಟು, ಸ್ವಲ್ಪ ಬಿಗಿ ಮಾಡಿ ಸ್ವಲ್ಪ ಸಡಿಲಿಸಿ, ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಬಂದರೆ ಒಂದು ಹೊತ್ತಿನಲ್ಲಿ ಸಣ್ಣದಾಗಿ ಕಿರುಗುಟ್ಟಿ ಬಿಡುತ್ತದೆ. ಕೆಲಸದಲ್ಲಿದ್ದಾಗ ನಮಗೆ ಆ ಮೂರು ದಿನ ಎಂದೂ ಸಿಕ್ಕಿರಲಿಲ್ಲ, ಈಗ ಇದೆ. ಎಂಜಿನ್ ತಿರುಗದಂತೆ ಹಿಡಿದುಕೊಂಡಿದ್ದರೂ ಹಾಗೆಯೇ: ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರುಗಳಿಗೆ ಎಣ್ಣೆ ಹಾಕಿ, ಕೆಲವು ದಿನ ಕಾದು, ಕೈಯಿಂದಲೇ ನಿಧಾನವಾಗಿ ತಿರುಗಿಸಲು ನೋಡಿ. ಗಾಡಿಯನ್ನು ಎಳೆದು ಸ್ಟಾರ್ಟ್ ಮಾಡಲು ಹೋಗಬೇಡಿ.

ಅಕ್ಕ, ನಿನ್ನ ಆತಂಕ ಸರಿಯಾದದ್ದೇ. ಜಾಕಿಯೊಂದನ್ನೇ ನಂಬಿ ಭಾವ ಗಾಡಿಯ ಕೆಳಗೆ ಹೋಗಬಾರದು, ಗಟ್ಟಿ ನೆಲದಲ್ಲಿ ಕಬ್ಬಿಣದ ಸ್ಟ್ಯಾಂಡುಗಳು ಇರಲೇಬೇಕು. ಹಳೆಯ ಬಣ್ಣದಲ್ಲಿ ಸೀಸವೂ ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರೂ (ಆಸ್ಬೆಸ್ಟಾಸ್) ಇರಬಹುದಾದ್ದರಿಂದ ಒಣಗಿದ ಧೂಳನ್ನು ಗಾಳಿ ಹೊಡೆದು ಹಾರಿಸದೆ, ಒದ್ದೆ ಮಾಡಿ ಒರೆಸಬೇಕು, ಸರಿಯಾದ ಮಾಸ್ಕ್ ಧರಿಸಬೇಕು. ಖಾಲಿಯಾದ ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡುವ ಮಾತೇ ಬೇಡ, ಒಳಗೆ ಉಳಿದ ಆವಿಯೇ ಸಿಡಿಯುತ್ತದೆ. ಬ್ರೇಕು, ಸ್ಟೀರಿಂಗು, ಚಾಸಿಯ ವೆಲ್ಡಿಂಗುಗಳನ್ನು ಬಲ್ಲ ಮೆಕ್ಯಾನಿಕ್ಕಿನಿಂದ ಪರೀಕ್ಷಿಸದೆ ಗಾಡಿ ರಸ್ತೆಗಿಳಿಯಬಾರದು. ಇದಿಷ್ಟಕ್ಕೂ ಭಾವ ಒಪ್ಪಿದರೆ ನೀನೂ ಒಪ್ಪು.

ಭಾವ, ಭಾನುವಾರ ಹೋದಾಗ ಚಾಸಿಯ ಎರಡೂ ಬದಿಯ ಚಿತ್ರಗಳನ್ನೂ, ಚಾಸಿ ನಂಬರು ಮತ್ತು ಎಂಜಿನ್ ನಂಬರು ಕಾಗದಪತ್ರಗಳೊಂದಿಗೆ ಹೊಂದುವ ಚಿತ್ರಗಳನ್ನೂ ತೆಗೆದು ನನಗೆ ಕಳಿಸಿ. ನಾನು ನೋಡಿ ಹೇಳುವವರೆಗೆ ಮುಂಗಡ ಕೊಡಬೇಡಿ.